ಕಾರಿನ ಬಣ್ಣದ ಮೇಲೆ ಹಕ್ಕಿ ಹಿಕ್ಕೆಯ ಹಾನಿ ಮತ್ತು ದುರಸ್ತಿ

ಹಕ್ಕಿಗಳ ಹಿಕ್ಕೆಯು ವಾಹನದ ಹೊರಮೈಯ ಬಣ್ಣದ ಮೇಲೆ ಬಿದ್ದು ಒಣಗಿದಾಗ ಉಂಟಾಗುವ ಕಲೆ, ಮಂಕು, ಕೊರೆತ ಮತ್ತು ಬಿರುಕುಗಳನ್ನು ಒಟ್ಟಾಗಿ ಹಿಕ್ಕೆಯ ಹಾನಿ ಎನ್ನಲಾಗುತ್ತದೆ. ಮರಗಳು ದಟ್ಟವಾಗಿರುವ ಹಾಗೂ ಮನೆಗಳಿಗೆ ಪ್ರತ್ಯೇಕ ವಾಹನ ನಿಲುಗಡೆ ಇಲ್ಲದ ನಗರಭಾಗಗಳಲ್ಲಿ ಇದು ಸಾಮಾನ್ಯ. ಬೆಂಗಳೂರಿನಲ್ಲಿ ಲಾಲ್‌ಬಾಗ್‌ಗೆ ಹೊಂದಿಕೊಂಡಿರುವ ಸಿದ್ದಾಪುರ, ಅದರ ನೆರೆಯ ಜಯನಗರ ಹಾಗೂ ದಕ್ಷಿಣದ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಇದಕ್ಕೆ ಉದಾಹರಣೆಗಳಾಗಿವೆ.

ಹಾನಿಯ ಪ್ರಮಾಣವನ್ನು ಮುಖ್ಯವಾಗಿ ಎರಡು ಅಂಶಗಳು ನಿರ್ಧರಿಸುತ್ತವೆ. ಹಿಕ್ಕೆಯು ಬಣ್ಣದ ಮೇಲೆ ಉಳಿದ ಕಾಲ ಮೊದಲನೆಯದು, ಆ ಅವಧಿಯಲ್ಲಿ ಬಣ್ಣಕ್ಕೆ ತಗುಲಿದ ಶಾಖ ಎರಡನೆಯದು. ಹೊಸದಾಗಿ ಬಿದ್ದ ಹಿಕ್ಕೆಯನ್ನು ಒಂದು ಲೋಟ ನೀರು ಮತ್ತು ಮೆದುಬಟ್ಟೆಯಿಂದ ತೆಗೆಯಬಹುದು. ಅದೇ ಹಿಕ್ಕೆ ಬಿಸಿಲಿನಲ್ಲಿ ಹಲವು ಗಂಟೆ ಒಣಗಿದರೆ ಪಾಲಿಷ್ ಬೇಕಾಗಬಹುದು, ವಾರಗಟ್ಟಲೆ ಉಳಿದರೆ ಮತ್ತೆ ಬಣ್ಣ ಬಳಿಯಬೇಕಾಗಬಹುದು. ಪಾಲಿಷ್ ಮಾಡುವ ಪ್ರತಿಯೊಂದು ವಿಧಾನವೂ ಬಣ್ಣದ ಮೇಲ್ಪದರವನ್ನು ಅಲ್ಪ ಪ್ರಮಾಣದಲ್ಲಿ ಸವೆಸುತ್ತದೆ. ಆದುದರಿಂದ ಅತ್ಯಂತ ಸೌಮ್ಯವಾದ ಉಪಾಯದಿಂದ ಆರಂಭಿಸಿ, ಅದು ಸಾಲದಿದ್ದಾಗ ಮಾತ್ರ ಮುಂದಿನ ಹಂತಕ್ಕೆ ಹೋಗುವುದು ದುರಸ್ತಿಯ ಮೂಲ ನಿಯಮವಾಗಿದೆ.

## ಸ್ಥಳೀಯ ಹಿನ್ನೆಲೆ

1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಸಸ್ಯೋದ್ಯಾನವು ಇಂದು ಸುಮಾರು 240 ಎಕರೆ ವಿಸ್ತಾರವಾಗಿದ್ದು, ಹಳೆಯ ಮರಗಳನ್ನೂ ಒಂದು ಕೆರೆಯನ್ನೂ ಒಳಗೊಂಡಿದೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹೆರ್ಮನ್ ಕೃಂಬಿಗಲ್ ಅವರು, ವರ್ಷವಿಡೀ ಒಂದಲ್ಲ ಒಂದು ಜಾತಿಯ ಮರ ಹೂಬಿಡುವಂತೆ ನಗರದ ಸಾಲುಮರಗಳನ್ನು ಯೋಜಿಸಿದವರೆಂದು ಪ್ರಸಿದ್ಧರಾಗಿದ್ದಾರೆ. ಮಳೆಮರ, ಹೊಂಗೆ, ಗುಲ್‌ಮೊಹರ್, ಅರಳಿ, ಆಲ, ಅತ್ತಿ, ನೇರಳೆ ಮುಂತಾದವು ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ಕಾಣಸಿಗುತ್ತವೆ.

ಈ ಮರಗಳು ಹಕ್ಕಿಗಳಿಗೆ ಆಹಾರವನ್ನೂ ರಾತ್ರಿಯ ತಂಗುದಾಣವನ್ನೂ ಒದಗಿಸುತ್ತವೆ. ಕಾಗೆ, ಪಾರಿವಾಳ, ಗೊರವಂಕ, ಕೋಗಿಲೆ, ಗಿಳಿ, ಕುಟುರ ಮತ್ತು ಹದ್ದುಗಳು ಈ ಭಾಗದಲ್ಲಿ ಸಾಮಾನ್ಯವಾಗಿವೆ. ಕೆರೆಯ ಸಮೀಪದಲ್ಲಿ ನೀರುಕಾಗೆ ಮತ್ತು ಬೆಳ್ಳಕ್ಕಿಗಳೂ ಕಂಡುಬರುತ್ತವೆ. ಹಕ್ಕಿಗಳಲ್ಲದಿದ್ದರೂ ಹಣ್ಣುಬಾವಲಿಗಳು ಕೂಡ ಇದೇ ಬಗೆಯ ಕಲೆಗಳನ್ನುಂಟುಮಾಡುತ್ತವೆ. ಅತ್ತಿ, ನೇರಳೆ, ಗಸಗಸೆ ಹಣ್ಣಿನ ಮರಗಳು ಹಣ್ಣುಬಿಟ್ಟಿರುವ ಕಾಲದಲ್ಲಿ ಅವುಗಳ ಕೆಳಗೆ ನಿಂತ ವಾಹನಗಳ ಮೇಲೆ ಹಿಕ್ಕೆ ಹೆಚ್ಚಾಗಿ ಬೀಳುತ್ತದೆ.

ನಗರದ ಹವಾಮಾನವೂ ಹಾನಿಗೆ ಕಾರಣವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಸೌಮ್ಯ ಹವೆಗೆ ಹೆಸರಾಗಿದ್ದರೂ, ಮಾರ್ಚ್‌ನಿಂದ ಮೇವರೆಗಿನ ಬಿಸಿಲು ತೀಕ್ಷ್ಣವಾಗಿರುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್‌ಗೆ ತಲುಪಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ಲೋಹದ ಮೇಲ್ಮೈಯು ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಕಾರಿನ ಬಾನೆಟ್ 70 ಡಿಗ್ರಿಯನ್ನೂ ಮುಟ್ಟಬಹುದು.

## ಹಿಕ್ಕೆಯ ಸಂಯೋಜನೆ

ಸಸ್ತನಿಗಳು ದೇಹದ ಸಾರಜನಕ ತ್ಯಾಜ್ಯವನ್ನು ಯೂರಿಯಾ ರೂಪದಲ್ಲಿ ನೀರಿನೊಂದಿಗೆ ವಿಸರ್ಜಿಸುತ್ತವೆ. ಹಕ್ಕಿಗಳು ಅದನ್ನು ಮುಖ್ಯವಾಗಿ ಯೂರಿಕ್ ಆಮ್ಲ ಮತ್ತು ಅದರ ಲವಣಗಳ ರೂಪದಲ್ಲಿ, ಅರೆಘನ ಸ್ಥಿತಿಯಲ್ಲಿ ಹೊರಹಾಕುತ್ತವೆ. ಮಲ ಮತ್ತು ಮೂತ್ರಗಳೆರಡೂ ಒಂದೇ ದ್ವಾರದಿಂದ ಹೊರಬೀಳುವುದರಿಂದ ಹಿಕ್ಕೆಯಲ್ಲಿ ಎರಡು ಭಾಗಗಳು ಕಾಣುತ್ತವೆ. ಬಿಳಿಯ ಭಾಗವು ಯೂರಿಕ್ ಆಮ್ಲ ಹಾಗೂ ಯೂರೇಟ್‌ಗಳಿಂದ ಕೂಡಿದೆ. ಕಂದು, ಹಸಿರು ಅಥವಾ ನೇರಳೆ ಬಣ್ಣದ ಭಾಗವು ಜೀರ್ಣವಾದ ಮತ್ತು ಜೀರ್ಣವಾಗದ ಆಹಾರದ ಶೇಷವಾಗಿದೆ.

ಯೂರಿಕ್ ಆಮ್ಲವು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಸಾಮಾನ್ಯ ಉಷ್ಣಾಂಶದಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 6 ಮಿಲಿಗ್ರಾಂ ಮಾತ್ರ ಕರಗಬಲ್ಲದು. ಮಳೆ ಬಂದ ಮೇಲೂ ಬಿಳಿಯ ಕಲೆ ಉಳಿದುಕೊಳ್ಳುವುದು ಈ ಕಾರಣದಿಂದಲೇ. ಹಿಕ್ಕೆಯಲ್ಲಿ ಇದರ ಜೊತೆಗೆ ಜೀರ್ಣಾಂಗದ ಕಿಣ್ವಗಳು, ಬೀಜಗಳು, ಕೀಟಗಳ ಗಟ್ಟಿ ಕವಚದ ಚೂರುಗಳು ಮತ್ತು ಮರಳಿನ ಕಣಗಳೂ ಇರಬಹುದು. ಧಾನ್ಯ ತಿನ್ನುವ ಪಾರಿವಾಳಗಳಂತಹ ಹಕ್ಕಿಗಳು ಆಹಾರವನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುವುದರಿಂದ ಅವುಗಳ ಹಿಕ್ಕೆಯಲ್ಲಿ ಒರಟು ಕಣಗಳಿರುವ ಸಾಧ್ಯತೆ ಹೆಚ್ಚು. ಹಣ್ಣು ತಿಂದ ಹಕ್ಕಿಗಳ ಹಿಕ್ಕೆಯಲ್ಲಿ ಗಾಢ ವರ್ಣದ್ರವ್ಯಗಳಿದ್ದು, ಅವು ತಿಳಿ ಬಣ್ಣದ ಕಾರುಗಳ ಮೇಲೆ ಎದ್ದು ಕಾಣುತ್ತವೆ.

## ಕಾರಿನ ಬಣ್ಣದ ಪದರಗಳು

ಹಾನಿಯ ಆಳವನ್ನು ಅರಿಯಲು ಬಣ್ಣದ ರಚನೆಯನ್ನು ತಿಳಿಯುವುದು ಅಗತ್ಯ. ಇಂದಿನ ಕಾರುಗಳ ಉಕ್ಕಿನ ಹಾಳೆಯ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಒಳಗಿನಿಂದ ಹೊರಕ್ಕೆ ಅವು ಹೀಗಿವೆ:

- ತುಕ್ಕುನಿರೋಧಕ ಪದರ: ಕಾರಿನ ಒಡಲನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ತಿನ ನೆರವಿನಿಂದ ಅಂಟಿಸುವ ಪದರ. ದಪ್ಪ ಸುಮಾರು 20 ಮೈಕ್ರಾನ್.
- ಪ್ರೈಮರ್: ಮೇಲ್ಮೈಯನ್ನು ಸಮಗೊಳಿಸುವ ಪದರ. ದಪ್ಪ ಸುಮಾರು 30ರಿಂದ 40 ಮೈಕ್ರಾನ್.
- ಬೇಸ್‌ಕೋಟ್: ಕಾರಿಗೆ ಬಣ್ಣವನ್ನು ಕೊಡುವ ಪದರ. ದಪ್ಪ ಸುಮಾರು 12ರಿಂದ 20 ಮೈಕ್ರಾನ್. ಮೆಟಾಲಿಕ್ ಬಣ್ಣಗಳಲ್ಲಿ ಅಲ್ಯೂಮಿನಿಯಂ ಚಕ್ಕೆಗಳು ಇರುವುದು ಇದರಲ್ಲಿಯೇ.
- ಕ್ಲಿಯರ್‌ಕೋಟ್: ಹೊಳಪನ್ನೂ ರಕ್ಷಣೆಯನ್ನೂ ನೀಡುವ ಪಾರದರ್ಶಕ ಪದರ. ದಪ್ಪ ಸುಮಾರು 35ರಿಂದ 50 ಮೈಕ್ರಾನ್.

ಒಂದು ಮಿಲಿಮೀಟರ್ ಎಂದರೆ 1,000 ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ಇರುತ್ತದೆ. ಹಿಕ್ಕೆಯನ್ನು ಮೊದಲು ಎದುರಿಸುವ ಕ್ಲಿಯರ್‌ಕೋಟ್ ಅದಕ್ಕಿಂತಲೂ ತೆಳು. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ ಪದರ. ಅದು ತೀರ ತೆಳುವಾದರೆ ಕೆಲವು ವರ್ಷಗಳಲ್ಲಿ ಪೊರೆಯಂತೆ ಸುಲಿಯಲು ತೊಡಗುತ್ತದೆ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಕ್ಲಿಯರ್‌ಕೋಟ್ ಇರುವುದಿಲ್ಲ. ಅವುಗಳಲ್ಲಿ ಬಣ್ಣ ಮತ್ತು ಹೊಳಪು ಒಂದೇ ಪದರದಲ್ಲಿರುತ್ತವೆ. ಕಾಣದ ಮೂಲೆಯಲ್ಲಿ ಸ್ವಲ್ಪ ಪಾಲಿಷ್ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಅದು ಏಕಪದರದ ಬಣ್ಣವೆಂದು ತಿಳಿಯಬಹುದು.

## ಹಾನಿಯಾಗುವ ಬಗೆ

ಹಿಕ್ಕೆಯ ಆಮ್ಲವು ಬಣ್ಣವನ್ನು ಸುಡುತ್ತದೆ ಎಂಬುದು ಜನಪ್ರಿಯ ವಿವರಣೆ. ಇದು ಭಾಗಶಃ ಮಾತ್ರ ಸರಿ. ಯೂರಿಕ್ ಆಮ್ಲವು ದುರ್ಬಲ ಆಮ್ಲವಾಗಿದ್ದು, ಒಟ್ಟು ಹಾನಿಯಲ್ಲಿ ಕನಿಷ್ಠ ಮೂರು ಪ್ರಕ್ರಿಯೆಗಳು ಸೇರಿರುತ್ತವೆ.

ರಾಸಾಯನಿಕ ಪ್ರಕ್ರಿಯೆ. ಕ್ಲಿಯರ್‌ಕೋಟ್ ಎಂಬುದು ಉದ್ದನೆಯ ಅಣುಸರಪಳಿಗಳು ಪರಸ್ಪರ ಹೆಣೆದುಕೊಂಡ ಬಲೆ. ತೇವ ಮತ್ತು ಆಮ್ಲಗಳ ಸಂಪರ್ಕದಲ್ಲಿ ಈ ಬಲೆಯ ಕೆಲವು ಕೊಂಡಿಗಳು ಮುರಿಯುತ್ತವೆ. ಇದನ್ನು ಜಲವಿಭಜನೆ ಎನ್ನುತ್ತಾರೆ. ಅಕ್ರಿಲಿಕ್ ಮತ್ತು ಮೆಲಮೈನ್ ರಾಳಗಳಿಂದಾದ ಕ್ಲಿಯರ್‌ಕೋಟ್‌ಗಳು ಆಮ್ಲಕ್ಕೆ ಹೆಚ್ಚು ಬೇಗ ಮಣಿಯುತ್ತವೆ. ಹಿಕ್ಕೆಯಲ್ಲಿರುವ ಜೀರ್ಣಕಿಣ್ವಗಳು ಈ ವಿಭಜನೆಯನ್ನು ವೇಗಗೊಳಿಸುತ್ತವೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ವಾಹನದ ಬಣ್ಣಗಳನ್ನು ಪರೀಕ್ಷಿಸುವಾಗ ಹಿಕ್ಕೆಯ ಬದಲಿಗೆ ಪ್ಯಾಂಕ್ರಿಯಾಟಿನ್ ಎಂಬ ಕಿಣ್ವಮಿಶ್ರಣವನ್ನು ಬಳಸುವ ಪದ್ಧತಿಯಿದೆ. ಅದನ್ನು ಬಣ್ಣದ ಫಲಕದ ಮೇಲೆ ಹಾಕಿ, ಬೇರೆಬೇರೆ ಉಷ್ಣಾಂಶಗಳಲ್ಲಿ ಕಾಯಿಸಿ, ಯಾವ ಶಾಖದಲ್ಲಿ ಕಲೆ ಮೂಡುತ್ತದೆ ಎಂಬುದನ್ನು ಗುರುತಿಸಲಾಗುತ್ತದೆ.

ಉಷ್ಣದ ಪ್ರಕ್ರಿಯೆ. ಬಿಸಿಲಿನಲ್ಲಿ ಕ್ಲಿಯರ್‌ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾದಾಗ ಕುಗ್ಗುತ್ತದೆ. ಹಿಗ್ಗಿದ ಬಣ್ಣವು ಅದರ ಮೇಲೆ ಅಂಟಿರುವ ಹಿಕ್ಕೆಯ ಒರಟು ಮೈಗೆ ಹೊಂದಿಕೊಂಡು ಗಟ್ಟಿಯಾಗುತ್ತದೆ. ಹಿಕ್ಕೆಯನ್ನು ತೆಗೆದ ಮೇಲೂ ಅದರ ಅಚ್ಚು ಉಳಿದು, ಬೆಳಕು ಅಲ್ಲಿ ಚದುರಿ, ಆ ಜಾಗ ಮಂಕಾಗಿ ಕಾಣುತ್ತದೆ.

ಯಾಂತ್ರಿಕ ಪ್ರಕ್ರಿಯೆ. ಹಿಕ್ಕೆಯು ಒಣಗುತ್ತಾ ಮುದುಡಿಕೊಳ್ಳುವಾಗ ತನಗಂಟಿದ ಮೆತ್ತನೆಯ ಬಣ್ಣವನ್ನೂ ಎಳೆಯುತ್ತದೆ. ಒಣ ಹಿಕ್ಕೆಯನ್ನು ಒರೆಸಿದಾಗ ಅದರಲ್ಲಿನ ಮರಳು ಮತ್ತು ಬೀಜಗಳು ಗೀರುಗಳನ್ನು ಮಾಡುತ್ತವೆ. ಅನೇಕ ಸಂದರ್ಭಗಳಲ್ಲಿ ಕಣ್ಣಿಗೆ ಕಾಣುವ ಹಾನಿಯು ಹಿಕ್ಕೆಯಿಂದ ಆದುದಲ್ಲ, ಅದನ್ನು ತೆಗೆದ ರೀತಿಯಿಂದ ಆದುದು.

ಆಮ್ಲೀಯ ತೇವದಿಂದ ಕ್ಲಿಯರ್‌ಕೋಟ್ ಕೊರೆಯುವುದು ಹಿಕ್ಕೆಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್ ನಗರದಲ್ಲಿ ಬೇಸಿಗೆಯ ಬಿಸಿಲು, ತೇವ ಮತ್ತು ಆಮ್ಲಮಳೆ ಒಟ್ಟುಗೂಡುವುದರಿಂದ, ಕಾರಿನ ಬಣ್ಣಗಳ ತಾಳಿಕೆಯನ್ನು ಅಲ್ಲಿ ಬಯಲಿನಲ್ಲಿಟ್ಟು ಪರೀಕ್ಷಿಸುವುದು ವಾಡಿಕೆಯಾಗಿದೆ.

## ಹಾನಿಯ ಹಂತಗಳು

ದುರಸ್ತಿಯ ವಿಧಾನವನ್ನು ಆರಿಸುವ ಮೊದಲು ಹಿಕ್ಕೆಯನ್ನು ಸಂಪೂರ್ಣವಾಗಿ ತೆಗೆದು, ಆ ಜಾಗವನ್ನು ನೆರಳಿನಲ್ಲಿ ಒಣಗಿಸಿ, ಓರೆಯಾಗಿ ಬೀಳುವ ಟಾರ್ಚ್ ಬೆಳಕಿನಲ್ಲಿ ಪರೀಕ್ಷಿಸಬೇಕು. ಹಾನಿಯನ್ನು ಸ್ಥೂಲವಾಗಿ ನಾಲ್ಕು ಹಂತಗಳಲ್ಲಿ ವಿಂಗಡಿಸಬಹುದು.

1. ಮೇಲ್ಮೈ ಕಲೆ: ಬಣ್ಣದ ಮೇಲೆ ಶೇಷ ಮಾತ್ರ ಉಳಿದಿರುತ್ತದೆ. ಬೆರಳಿಗೆ ಒರಟಾಗಿ ತಗುಲಬಹುದು. ಕ್ಲಿಯರ್‌ಕೋಟ್ ಹಾಳಾಗಿರುವುದಿಲ್ಲ.
2. ಮಂಕು ಅಥವಾ ತೆಳು ಅಚ್ಚು: ಮೇಲ್ಮೈ ನುಣುಪಾಗಿದ್ದರೂ ಹಿಕ್ಕೆಯ ಆಕಾರದಲ್ಲಿ ಹೊಳಪು ಕುಂದಿರುತ್ತದೆ.
3. ಕೊರೆತ: ಹಿಕ್ಕೆ ಬಿದ್ದ ಜಾಗದ ಅಂಚು ಉಗುರಿಗೆ ಸಿಗುತ್ತದೆ. ಕ್ಲಿಯರ್‌ಕೋಟ್‌ನ ಒಂದು ಭಾಗ ಸವೆದಿರುತ್ತದೆ ಅಥವಾ ಉಬ್ಬಿರುತ್ತದೆ.
4. ಭೇದನ: ಕ್ಲಿಯರ್‌ಕೋಟ್ ಬಿರಿದಿರುತ್ತದೆ ಅಥವಾ ಸುಲಿದಿರುತ್ತದೆ. ಕೆಳಗಿನ ಬಣ್ಣ ಮಾಸಿರುತ್ತದೆ. ಮೆಟಾಲಿಕ್ ಬಣ್ಣಗಳಲ್ಲಿ ಕಪ್ಪು ಅಥವಾ ಬೂದು ಚುಕ್ಕೆಗಳು ಕಾಣಬಹುದು.

## ಹಿಕ್ಕೆಯನ್ನು ತೆಗೆಯುವ ಕ್ರಮ

ಒಣಗಿದ ಹಿಕ್ಕೆಯನ್ನು ಉಜ್ಜದೆ, ಮೊದಲು ನೆನೆಸಿ ನಂತರ ಎತ್ತುವುದು ಈ ಕ್ರಮದ ಸಾರ.

ಕಾರನ್ನು ನೆರಳಿಗೆ ತಂದು ಬಣ್ಣ ತಣ್ಣಗಾಗಲು ಬಿಡಬೇಕು. ಸುಡುವ ಬಾನೆಟ್ ಮೇಲೆ ತಣ್ಣೀರು ಸುರಿಯುವುದು ಒಳ್ಳೆಯದಲ್ಲ. ಮೈಕ್ರೋಫೈಬರ್ ಬಟ್ಟೆಯನ್ನು ಅಥವಾ ಸ್ವಚ್ಛವಾದ ಮೆತ್ತನೆಯ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೋಯಿಸಿ ಹಿಕ್ಕೆಯ ಮೇಲೆ ಹೊದಿಸಬೇಕು. ಐದರಿಂದ ಹತ್ತು ನಿಮಿಷಗಳಲ್ಲಿ ಹಿಕ್ಕೆ ಮೆತ್ತಗಾಗುತ್ತದೆ. ಗಟ್ಟಿಯಾಗಿದ್ದರೆ ಬಟ್ಟೆಯನ್ನು ಮತ್ತೊಮ್ಮೆ ತೋಯಿಸಿ ಹೊದಿಸಬೇಕು. ಅನಂತರ ಬಟ್ಟೆಯನ್ನು ಒತ್ತದೆ, ಹಿಕ್ಕೆಯನ್ನು ಚಿವುಟಿ ಮೇಲಕ್ಕೆತ್ತುವಂತೆ ತೆಗೆಯಬೇಕು. ಉಳಿದ ಶೇಷವನ್ನು ಬಟ್ಟೆಯ ಮತ್ತೊಂದು ಶುಚಿಯಾದ ಮಗ್ಗುಲಿನಿಂದ ಒಂದೇ ದಿಕ್ಕಿನಲ್ಲಿ ಒರೆಸಬೇಕು. ಕೊನೆಯಲ್ಲಿ ಆ ಜಾಗಕ್ಕೆ ಸ್ವಲ್ಪ ಶುದ್ಧ ನೀರು ಹಾಕಿ ಒಣಬಟ್ಟೆಯಿಂದ ತೇವವನ್ನು ಹೀರಿಸಬೇಕು.

ಬಿಳಿಯ ಶೇಷ ಬಿಡದಿದ್ದರೆ ಕಾರು ತೊಳೆಯುವ ಶ್ಯಾಂಪೂವನ್ನು ನೀರಿನಲ್ಲಿ ಬೆರೆಸಿ ಬಳಸಬಹುದು. ಒಂದು ಲೋಟ ನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾವನ್ನು ಪೂರ್ಣವಾಗಿ ಕರಗಿಸಿ ಅದರಲ್ಲಿ ಬಟ್ಟೆ ತೋಯಿಸಿ ಹೊದಿಸುವುದೂ ಉಂಟು. ಕರಗದ ಸೋಡಾ ಪುಡಿಯನ್ನು ಬಣ್ಣದ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ.

ಒಣ ಬಟ್ಟೆ, ಕಾಗದ, ತೆಂಗಿನ ನಾರು, ಪಾತ್ರೆ ಉಜ್ಜುವ ಬ್ರಷ್, ಉಗುರು, ಚಾಕು ಇವುಗಳಿಂದ ಹಿಕ್ಕೆಯನ್ನು ಕೆರೆಯಬಾರದು. ಬಟ್ಟೆ ಒಗೆಯುವ ಸೋಪಿನ ಪುಡಿ, ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್‌ಗಳನ್ನು ಬಳಸುವುದೂ ಅಪಾಯಕರ. ಹಲವು ಕಾರುಗಳನ್ನು ಒಂದೇ ಬಕೆಟ್ ನೀರು ಮತ್ತು ಒಂದೇ ಬಟ್ಟೆಯಿಂದ ಒರೆಸುವ ರೂಢಿಯಲ್ಲಿ, ಒಂದು ಕಾರಿನ ಹಿಕ್ಕೆಯ ಮರಳು ಮತ್ತೊಂದು ಕಾರಿನ ಬಣ್ಣವನ್ನು ಗೀರುತ್ತದೆ. ಇಂತಹ ಕೆಲಸಕ್ಕೆ ಪ್ರತಿ ಕಾರಿಗೂ ಪ್ರತ್ಯೇಕ ಬಟ್ಟೆಯನ್ನು ಒದಗಿಸಿದರೆ ಹಾನಿ ಬಹಳಷ್ಟು ತಗ್ಗುತ್ತದೆ.

## ದುರಸ್ತಿಯ ವಿಧಾನಗಳು

### ಶಾಖದ ಉಪಚಾರ

ಎರಡನೆಯ ಹಂತದ ತೆಳು ಅಚ್ಚುಗಳಿಗೆ ಮೊದಲು ಶಾಖವನ್ನು ಪ್ರಯತ್ನಿಸಬಹುದು. ಅಚ್ಚು ಮೂಡಲು ಕಾರಣವಾದ ಮೆತ್ತಗಾಗುವ ಗುಣವೇ ಇಲ್ಲಿ ಉಪಕಾರಿಯಾಗುತ್ತದೆ. ಶುಚಿಗೊಳಿಸಿದ ಜಾಗವನ್ನು ಬಿಸಿಲಿಗೆ ಒಡ್ಡಿದಾಗ ಅಥವಾ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ದೂರದಿಂದ, ಯಂತ್ರವನ್ನು ಅಲುಗಿಸುತ್ತಾ ಹಾಯಿಸಿದಾಗ ಕ್ಲಿಯರ್‌ಕೋಟ್ ಸಡಿಲಗೊಂಡು ಕೆಲವೊಮ್ಮೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಮೇಲ್ಮೈಯು ಕೈಗೆ ಬೆಚ್ಚಗೆ ತಗುಲಿದರೆ ಸಾಕು, ಸುಡುವಷ್ಟು ಬಿಸಿ ಮಾಡಬಾರದು. ಬಣ್ಣ ಸುಡುವ ಕೈಗಾರಿಕಾ ಬಿಸಿಗಾಳಿ ಯಂತ್ರವನ್ನು ಇದಕ್ಕೆ ಬಳಸಬಾರದು. ಈ ವಿಧಾನದಿಂದ ಬಣ್ಣ ಸವೆಯುವುದಿಲ್ಲವಾದ್ದರಿಂದ ಇದು ಪಾಲಿಷ್‌ಗಿಂತ ಮೊದಲು ಬರುತ್ತದೆ. ರಾಸಾಯನಿಕವಾಗಿ ಕೊರೆದುಹೋದ ಜಾಗಕ್ಕೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

### ಕ್ಲೇ ಬಾರ್

ಬೆರಳಿಗೆ ಒರಟಾಗಿ ತಗುಲುವ ಶೇಷವನ್ನು ತೆಗೆಯಲು ಜೇಡಿಯಂತಹ ಮೆತ್ತನೆಯ ಉಂಡೆಯನ್ನು ಬಳಸಲಾಗುತ್ತದೆ. ಜಾರುದ್ರವವನ್ನು ಸಿಂಪಡಿಸಿ ಉಂಡೆಯನ್ನು ಹಗುರವಾಗಿ ಜಾರಿಸಿದಾಗ ಅಂಟಿದ ಕಣಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ನೆಲಕ್ಕೆ ಬಿದ್ದ ಉಂಡೆಯಲ್ಲಿ ಮರಳು ಸೇರಿರುವುದರಿಂದ ಅದನ್ನು ಮತ್ತೆ ಬಳಸಬಾರದು.

### ಪಾಲಿಷ್

ಉಳಿದ ಮಂಕನ್ನು ಪಾಲಿಷ್‌ನಿಂದ ತೆಗೆಯಲಾಗುತ್ತದೆ. ಪಾಲಿಷ್ ಎಂದರೆ ಅತಿಸೂಕ್ಷ್ಮ ಉಜ್ಜುಕಣಗಳಿರುವ ಲೇಪ. ಅದು ಕೊರೆತವನ್ನು ತುಂಬುವುದಿಲ್ಲ, ಕೊರೆತದ ಸುತ್ತಲಿನ ಕ್ಲಿಯರ್‌ಕೋಟನ್ನು ಕೊರೆತದ ಮಟ್ಟಕ್ಕೆ ಇಳಿಸುತ್ತದೆ. ಸೌಮ್ಯವಾದ ಪಾಲಿಷ್ ಒಂದೆರಡು ಮೈಕ್ರಾನ್‌ಗಳಷ್ಟನ್ನು ಮಾತ್ರ ತೆಗೆಯುತ್ತದೆ. ಕಾಂಪೌಂಡ್ ಎಂದು ಕರೆಯುವ ಒರಟು ಲೇಪಗಳು ಅದಕ್ಕಿಂತ ಹೆಚ್ಚನ್ನು ತೆಗೆಯುತ್ತವೆ.

ಸಣ್ಣ ಕಲೆಗೆ ಕೈಪಾಲಿಷ್ ಸಾಕಾಗುತ್ತದೆ. ಫೋಮ್ ತುಂಡಿನ ಮೇಲೆ ಬಟಾಣಿಯಷ್ಟು ಪಾಲಿಷ್ ಹಾಕಿ, ನೆರಳಿನಲ್ಲಿ, ತಣ್ಣಗಿನ ಬಣ್ಣದ ಮೇಲೆ ಹಗುರವಾಗಿ ಅಡ್ಡ ಮತ್ತು ಉದ್ದಕ್ಕೆ ಉಜ್ಜಿ, ಆಗಾಗ ಒರೆಸಿ ಪರೀಕ್ಷಿಸಬೇಕು. ಯಂತ್ರ ಬಳಸುವುದಾದರೆ ಕಂಪಿಸುತ್ತಾ ತಿರುಗುವ ಯಂತ್ರವು ನೇರವಾಗಿ ತಿರುಗುವ ಯಂತ್ರಕ್ಕಿಂತ ಆರಂಭಿಕರಿಗೆ ಸುರಕ್ಷಿತ. ಫಲಕಗಳ ಅಂಚು ಮತ್ತು ಮಡಿಕೆಗಳಲ್ಲಿ ಬಣ್ಣ ಬೇಗ ಸವೆದುಹೋಗುವುದರಿಂದ ಅಲ್ಲಿ ಯಂತ್ರ ತಾಗಿಸಬಾರದು. ಪ್ಲಾಸ್ಟಿಕ್ ಬಂಪರ್‌ಗಳು ಶಾಖವನ್ನು ಹರಡಲಾರವು, ಆದುದರಿಂದ ಅವುಗಳ ಬಣ್ಣ ಬೇಗ ಸುಡುತ್ತದೆ.

ಬಣ್ಣದ ದಪ್ಪವನ್ನು ಅಳೆಯುವ ಉಪಕರಣವಿದ್ದರೆ ಪಾಲಿಷ್‌ಗೆ ಮುಂಚೆ ಅಳೆಯುವುದು ಉತ್ತಮ. ಸರಳ ಉಪಕರಣಗಳು ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತವೆ ಮತ್ತು ಎಲ್ಲ ಪದರಗಳ ಒಟ್ಟು ದಪ್ಪವನ್ನು ತೋರಿಸುತ್ತವೆ. ಕ್ಲಿಯರ್‌ಕೋಟ್ ಎಷ್ಟು ಉಳಿದಿದೆ ಎಂಬುದನ್ನು ಅವು ಪ್ರತ್ಯೇಕವಾಗಿ ಹೇಳುವುದಿಲ್ಲ. ಅದೇ ಫಲಕದ ಬೇರೆ ಜಾಗಗಳಿಗಿಂತ ಒಂದು ಜಾಗದಲ್ಲಿ ಅಳತೆ ಗಮನಾರ್ಹವಾಗಿ ಕಡಿಮೆಯಿದ್ದರೆ ಅಲ್ಲಿ ಹಿಂದೆಯೂ ಪಾಲಿಷ್ ಆಗಿರಬಹುದೆಂದು ಊಹಿಸಬಹುದು.

### ನೀರುಜ್ಜು

ಉಗುರಿಗೆ ಸಿಗುವ ಕೊರೆತಗಳಿಗೆ 2000 ಅಥವಾ 3000 ಅಂಕದ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ನಂತರ ಕಾಂಪೌಂಡ್ ಮತ್ತು ಪಾಲಿಷ್ ಮಾಡುವ ವಿಧಾನವಿದೆ. ಇದು ಅನುಭವಿಗಳ ಕೆಲಸ. ಕೊರೆತವನ್ನು ಸಂಪೂರ್ಣ ಅಳಿಸಲು ಹೋಗಿ ಬೇಸ್‌ಕೋಟ್‌ವರೆಗೆ ಉಜ್ಜಿಹೋದರೆ ಆ ಫಲಕಕ್ಕೆ ಮತ್ತೆ ಬಣ್ಣ ಬಳಿಯದೆ ಬೇರೆ ದಾರಿ ಇರುವುದಿಲ್ಲ. ದೂರದಿಂದ ಕಾಣದಷ್ಟು ಕಲೆಯನ್ನು ತಗ್ಗಿಸಿ, ಉಳಿದುದನ್ನು ಹಾಗೆಯೇ ಬಿಡುವುದೂ ಸರಿಯಾದ ನಿರ್ಧಾರವಾಗಿರಬಹುದು.

### ಮರುಬಣ್ಣ

ಕ್ಲಿಯರ್‌ಕೋಟ್ ಬಿರಿದಿದ್ದರೆ ಅಥವಾ ಸುಲಿದಿದ್ದರೆ ಪಾಲಿಷ್‌ನಿಂದ ಪ್ರಯೋಜನವಿಲ್ಲ. ಬೇಸ್‌ಕೋಟ್ ಚೆನ್ನಾಗಿದ್ದರೆ ಫಲಕವನ್ನು ಉಜ್ಜಿ ಹೊಸ ಕ್ಲಿಯರ್‌ಕೋಟ್ ಸಿಂಪಡಿಸಲಾಗುತ್ತದೆ. ಬೇಸ್‌ಕೋಟ್ ಕೂಡ ಮಾಸಿದ್ದರೆ ಎರಡನ್ನೂ ಬಳಿಯಬೇಕಾಗುತ್ತದೆ. ಕಾರಿನ ಮೇಲೆ ನಮೂದಿಸಿರುವ ಬಣ್ಣದ ಸಂಕೇತದಿಂದ ಬಣ್ಣವನ್ನು ಬೆರೆಸಿದರೂ, ಬಿಸಿಲಿಗೆ ಮಾಸಿದ ಹಳೆಯ ಬಣ್ಣಕ್ಕೆ ಅದು ಪೂರ್ತಿ ಹೊಂದದಿರಬಹುದು. ಆದುದರಿಂದ ನುರಿತ ಬಣ್ಣಗಾರರು ಹೊಸ ಬಣ್ಣವನ್ನು ಪಕ್ಕದ ಫಲಕದ ಕಡೆಗೆ ಕ್ರಮೇಣ ತೆಳುಗೊಳಿಸುತ್ತಾರೆ.

ಎರಡು ದ್ರವಗಳನ್ನು ಬೆರೆಸಿ ಸಿಂಪಡಿಸುವ ಕ್ಲಿಯರ್‌ಕೋಟ್‌ಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್‌ಗಳಿರುತ್ತವೆ. ಇವುಗಳನ್ನು ಉಸಿರಾಡಿದರೆ ಅಸ್ತಮಾ ಉಂಟಾಗಬಹುದು. ಬಟ್ಟೆಯ ಮುಖಗವಸು ಇವುಗಳನ್ನು ತಡೆಯುವುದಿಲ್ಲ. ಸೂಕ್ತ ಉಸಿರಾಟ ರಕ್ಷಣೆ ಮತ್ತು ಗಾಳಿವ್ಯವಸ್ಥೆ ಇಲ್ಲದ ಮನೆಯಂಗಳದಲ್ಲಿ ಈ ಕೆಲಸವನ್ನು ಮಾಡಬಾರದು. ಲಾಲ್‌ಬಾಗ್‌ನಿಂದ ಹೆಚ್ಚು ದೂರವಿಲ್ಲದ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗ ಮತ್ತು ಪರಿಕರಗಳ ಮಾರುಕಟ್ಟೆಯಾಗಿ ಪ್ರಸಿದ್ಧ. ಪಾಲಿಷ್ ಮತ್ತು ಹೊದಿಕೆಗಳಂತಹ ಸಾಮಗ್ರಿಗಳು ಅಂತಹ ಪೇಟೆಗಳಲ್ಲಿ ದೊರೆಯುತ್ತವೆ.

## ನೀರಿನ ಬಳಕೆ

ಹಿಕ್ಕೆಯನ್ನು ಬೇಗ ತೆಗೆಯಬೇಕೆಂಬುದಕ್ಕೂ ನೀರನ್ನು ಉಳಿಸಬೇಕೆಂಬುದಕ್ಕೂ ಬೆಂಗಳೂರಿನಲ್ಲಿ ನೇರ ಸಂಬಂಧವಿದೆ. ಕಾವೇರಿ ನೀರನ್ನು ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ನಗರಕ್ಕೆ ತರಲಾಗುತ್ತದೆ. ತೀವ್ರ ನೀರಿನ ಕೊರತೆ ತಲೆದೋರಿದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯುವುದು, ಕೈತೋಟ, ಕಟ್ಟಡ ನಿರ್ಮಾಣ ಮುಂತಾದವುಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. 2025ರ ಫೆಬ್ರುವರಿಯಲ್ಲಿಯೂ ಇಂತಹದೇ ಆದೇಶ ಹೊರಬಂದಿತು.

ಒಂದು ಹಿಕ್ಕೆಯ ಕಲೆಗಾಗಿ ಇಡೀ ಕಾರನ್ನು ತೊಳೆಯುವ ಅಗತ್ಯವಿಲ್ಲ. ಅರ್ಧ ಲೀಟರ್ ನೀರು ಹಿಡಿಯುವ ಸಿಂಪಡಿಕೆ ಬಾಟಲಿ ಮತ್ತು ಎರಡು ಬಟ್ಟೆಗಳು ಸಾಕು. ಅಕ್ಕಿ ಅಥವಾ ತರಕಾರಿ ತೊಳೆದ ನೀರಿನಲ್ಲಿ ಮಣ್ಣಿನ ಕಣಗಳಿರುವುದರಿಂದ ಅದನ್ನು ಗಿಡಗಳಿಗೆ ಬಳಸುವುದು ಲೇಸು, ಬಣ್ಣಕ್ಕೆ ಅಲ್ಲ. ಕೊಳವೆಬಾವಿಯ ಗಡಸು ನೀರನ್ನು ಬಳಸಬಹುದಾದರೂ, ಅದು ಬಣ್ಣದ ಮೇಲೆಯೇ ಒಣಗಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಬಿಳಿ ವೃತ್ತಗಳು ಉಳಿಯುತ್ತವೆ. ಆದುದರಿಂದ ಕೂಡಲೇ ಒರೆಸಬೇಕು. ಶುದ್ಧೀಕರಿಸಿದ ಮರುಬಳಕೆ ನೀರಿಗೂ ಈ ಮಾತು ಅನ್ವಯಿಸುತ್ತದೆ.

## ಆರೋಗ್ಯದ ಮುನ್ನೆಚ್ಚರಿಕೆ

ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಬೆಳೆಯಬಲ್ಲದು. ಸಿಟಕೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಕೂಡ ಹಕ್ಕಿಗಳ ಒಣ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೆ ತಗುಲಬಹುದು. ಬಯಲಿನಲ್ಲಿ ನಿಂತ ಕಾರಿನ ಮೇಲಿನ ಒಂದೆರಡು ಕಲೆಗಳಿಂದ ಅಪಾಯ ಕಡಿಮೆ. ಆದರೂ ಒಣ ಹಿಕ್ಕೆಯನ್ನು ಕೆರೆದು ಧೂಳೆಬ್ಬಿಸದೆ ನೆನೆಸಿ ತೆಗೆಯುವುದು, ಕೈಗವಸು ಧರಿಸುವುದು, ಕೆಲಸದ ನಂತರ ಸಾಬೂನಿನಿಂದ ಕೈತೊಳೆಯುವುದು ಸೂಕ್ತ. ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸದಿಂದ ದೂರವಿರಬೇಕು. ಹೀಗೆ ನೆನೆಸಿ ತೆಗೆಯುವ ಕ್ರಮವು ಬಣ್ಣಕ್ಕೂ ಶ್ವಾಸಕೋಶಕ್ಕೂ ಸಮಾನವಾಗಿ ಹಿತಕರವಾಗಿದೆ.

## ತಡೆಗಟ್ಟುವಿಕೆ

ಕಾಗೆ, ಗೊರವಂಕ, ಗಿಳಿ ಮುಂತಾದ ಹಕ್ಕಿಗಳು ಸಂಜೆ ಮರಗಳಲ್ಲಿ ಸೇರಿ ರಾತ್ರಿ ತಂಗಿ ಮುಂಜಾನೆ ಹೊರಡುತ್ತವೆ. ಹೀಗಾಗಿ ಬೀದಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ಬಹಳಷ್ಟು ಹಿಕ್ಕೆ ಬೀಳುವುದು ಬಣ್ಣ ತಣ್ಣಗಿರುವ ಹೊತ್ತಿನಲ್ಲಿ. ಬಿಸಿಲೇರುವ ಮುನ್ನ, ಬೆಳಗಿನ ಹೊತ್ತು ಒಮ್ಮೆ ಕಾರನ್ನು ಸುತ್ತಿನೋಡಿ ಹಿಕ್ಕೆಯನ್ನು ತೆಗೆಯುವುದು ಅತ್ಯಂತ ಅಗ್ಗದ ಮತ್ತು ಪರಿಣಾಮಕಾರಿಯಾದ ಉಪಾಯ.

- ಮೇಣ ಮತ್ತು ಸೀಲೆಂಟ್: ಇವು ಹಿಕ್ಕೆ ಮತ್ತು ಕ್ಲಿಯರ್‌ಕೋಟ್ ನಡುವೆ ತೆಳುಪೊರೆಯಾಗಿ ನಿಂತು ಸಮಯಾವಕಾಶ ನೀಡುತ್ತವೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.
- ಸೆರಾಮಿಕ್ ಲೇಪ: ಸಿಲಿಕಾ ಆಧಾರಿತವಾದ ಇದು ಹೆಚ್ಚು ಕಾಲ ಬಾಳುತ್ತದೆ ಮತ್ತು ಶುಚಿಗೊಳಿಸುವುದನ್ನು ಸುಲಭಗೊಳಿಸುತ್ತದೆ. ಹಿಕ್ಕೆಯನ್ನು ದಿನಗಟ್ಟಲೆ ಬಿಟ್ಟರೆ ಈ ಲೇಪದ ಮೇಲೂ ಕಲೆ ಮೂಡುತ್ತದೆ.
- ರಕ್ಷಣಾ ಪೊರೆ: ಪಾಲಿಯುರೆಥೇನ್‌ನ ಈ ದಪ್ಪ ಪೊರೆಯು ಹೆಚ್ಚಿನ ರಕ್ಷಣೆ ನೀಡುತ್ತದೆ. ಹಾನಿಯಾದರೆ ಪೊರೆಯನ್ನಷ್ಟೇ ಬದಲಿಸಬಹುದು. ವೆಚ್ಚ ಅಧಿಕ.
- ಹೊದಿಕೆ: ನಿತ್ಯ ಬಳಸದ ಕಾರಿಗೆ ಇದು ಉಪಯುಕ್ತ. ಧೂಳು ತುಂಬಿದ ಕಾರಿನ ಮೇಲೆ ಹೊದಿಕೆ ಎಳೆದರೆ ಗೀರುಗಳಾಗುತ್ತವೆ.

ನಿಲುಗಡೆಯ ಜಾಗವನ್ನು ಆರಿಸುವಾಗ ನೆಲವನ್ನು ಗಮನಿಸಬಹುದು. ರಸ್ತೆಯ ಮೇಲೆ ಬಿಳಿಯ ಚುಕ್ಕೆಗಳು ಗುಂಪಾಗಿದ್ದರೆ ಮೇಲಿನ ಕೊಂಬೆಯು ತಂಗುದಾಣವೆಂದೇ ಅರ್ಥ. ಕೆಲವೇ ಅಡಿ ಸರಿದು ನಿಲ್ಲಿಸಿದರೂ ವ್ಯತ್ಯಾಸವಾಗುತ್ತದೆ. ವಿದ್ಯುತ್ ತಂತಿ ಮತ್ತು ದೀಪಸ್ತಂಭಗಳ ಕೆಳಗಿನ ಜಾಗಕ್ಕೂ ಇದು ಅನ್ವಯ.

## ಕಾನೂನು ಮತ್ತು ವಿಮೆ

ಹಿಕ್ಕೆಯ ತೊಂದರೆಯನ್ನು ಕಾರಣವಾಗಿಸಿಕೊಂಡು ಬೀದಿಯ ಮರವನ್ನು ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿರುವ ಹಕ್ಕಿಗಳ ಗೂಡು ಅಥವಾ ಮೊಟ್ಟೆಗಳಿಗೆ ಹಾನಿ ಮಾಡುವುದನ್ನು ಕಾನೂನು ಬೇಟೆಯೆಂದೇ ಪರಿಗಣಿಸುತ್ತದೆ. ಮರದ ನೆರಳು ಕಾರಿನ ಬಣ್ಣವನ್ನು ಶಾಖದಿಂದಲೂ ಅತಿನೇರಳೆ ಕಿರಣಗಳಿಂದಲೂ ಕಾಯುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ನೆರಳಿನಲ್ಲಿ ಬಿದ್ದ ಹಿಕ್ಕೆಯು ಬಯಲಿನ ಬಿಸಿಲಿನಲ್ಲಿ ಬಿದ್ದ ಹಿಕ್ಕೆಗಿಂತ ನಿಧಾನವಾಗಿ ಹಾನಿ ಮಾಡುತ್ತದೆ.

ವಾಹನ ತಯಾರಕರ ಖಾತರಿಪತ್ರಗಳು ಹಕ್ಕಿ ಹಿಕ್ಕೆ, ಮರದ ಅಂಟು ಮುಂತಾದ ಹೊರಗಿನ ಕಾರಣಗಳಿಂದ ಬಣ್ಣಕ್ಕಾದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ವಾಹನ ವಿಮೆಯೂ ಕ್ರಮೇಣ ಆಗುವ ಸವೆತವನ್ನು ಒಳಗೊಳ್ಳುವುದಿಲ್ಲ. ಆದುದರಿಂದ ಈ ದುರಸ್ತಿಯ ವೆಚ್ಚವು ಬಹುತೇಕ ಮಾಲೀಕರ ಮೇಲೆಯೇ ಬೀಳುತ್ತದೆ.